ಅಡಿ ಕಾಣಿ, ಮಾರಾಯ್ರೆ!

ಮರವಂತೆಯ ದಾರಿಯನ್ನು ಹೊಗಳದ ಪ್ರವಾಸಿಗನಿಲ್ಲ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕಾ ನದಿ, ಇವೆರಡರ ನಡುವೆ ನೂಲು ಹಿಡಿದು ಎಳೆದಂತೆ ರಾಷ್ಟ್ರೀಯ ಹೆದ್ದಾರಿ 66. ಕಾರಿನಲ್ಲಿ ಬಂದವರು ಇಳಿದು, ತೆರೆಗಳಿಗೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಸಿಕೊಂಡು, ತುಟಿಗೆ ಅಂಟಿದ ಉಪ್ಪನ್ನು ಸವಿಯುತ್ತ, ‘ಆಹಾ, ಎಂತಹ ಗಾಳಿ!’ ಎಂದು ಉದ್ಗರಿಸಿ ಮುಂದೆ ಹೋಗುತ್ತಾರೆ. ಅದೇ ಹೊತ್ತಿಗೆ ಅವರ ಮಗ್ಗುಲಿನಿಂದ ಬಂಗುಡೆಯ ಪೆಟ್ಟಿಗೆಗಳನ್ನು ಹೇರಿಕೊಂಡ ಪಿಕಪ್ಪೊಂದು ಹಾದುಹೋಗುತ್ತದೆ. ಅದರ ಚಾಲಕ ಆ ಗಾಳಿಯನ್ನು ಹೊಗಳಿದ್ದನ್ನು ಯಾರೂ ಕೇಳಿಲ್ಲ. ನಾಲಗೆಗೆ ರುಚಿಯಾದ ಉಪ್ಪು ಬಂಡಿಯ ಅಡಿಗೆ ಅಂಟಿದರೆ ಏನಾಗುತ್ತದೆಂಬುದು ಅವನಿಗೆ ಗೊತ್ತು. ಅದರ ಲೆಕ್ಕವನ್ನು ಅವನು ರೂಪಾಯಿಯಲ್ಲಿ ತೆತ್ತವನು.

ಕುಂದಾಪುರ, ಬೈಂದೂರು, ಬ್ರಹ್ಮಾವರ — ಈ ಮೂರು ತಾಲ್ಲೂಕುಗಳ ದಿನಚರಿ ಇಂದು ಪಿಕಪ್ಪಿನ ಬೆನ್ನ ಮೇಲೆ ಸಾಗುತ್ತಿದೆಯೆಂದರೆ ತಪ್ಪಾಗದು. ಗಂಗೊಳ್ಳಿಯ ಬಂದರಿನಿಂದ ಮೀನು, ಹಾಲಾಡಿಯ ಕಡೆಯಿಂದ ಅಡಕೆ ತೆಂಗು, ಒಳನಾಡಿನ ಕಣಿಗಳಿಂದ ಕೆಂಪುಕಲ್ಲು, ಅಕ್ಕಿಯ ಮೂಟೆ, ಮದುವೆಯ ಚಪ್ಪರದ ಸಾಮಾನು, ಚೌತಿಯ ಗಣಪತಿ, ಎಲ್ಲವೂ ಅದರದೇ ಪಾಲು. ಹಿಂದೆ ಎತ್ತಿನ ಗಾಡಿಯೂ ದೋಣಿಯೂ ಸೇರಿ ಮಾಡುತ್ತಿದ್ದ ಕೆಲಸವಿದು. ಕಾರಿನ ಮುಖಕ್ಕೆ ಗಾಡಿಯ ಬೆನ್ನನ್ನು ಜೋಡಿಸಿ ಕಾರ್ಖಾನೆಯಿಂದಲೇ ಮಾರುವ ಉಪಾಯವನ್ನು ಅಮೆರಿಕದ ಫೋರ್ಡ್ ಕಂಪೆನಿ 1925ರಲ್ಲಿ ಹೂಡಿತು. ನಮ್ಮ ದೇಶದಲ್ಲಿ 1986ರಲ್ಲಿ ಟಾಟಾ 407 ಬಂದು ಸಣ್ಣ ಊರುಗಳ ಸಾಗಾಟದ ರೀತಿಯನ್ನು ಬದಲಿಸಿತು. 2005ರಲ್ಲಿ ಅದಕ್ಕಿಂತಲೂ ಕಿರಿದಾದ ಟಾಟಾ ಏಸ್ ಬಂದು ‘ಛೋಟಾ ಹಾಥಿ’ ಎಂಬ ಅಡ್ಡಹೆಸರನ್ನು ಗಳಿಸಿತು. ಮಹೀಂದ್ರಾದ ಬೊಲೆರೊ ಪಿಕಪ್ಪು, ಅಶೋಕ್ ಲೇಲ್ಯಾಂಡಿನ ದೋಸ್ತ್ ಮೊದಲಾದ ಇತರ ದಾಯಾದಿಗಳೂ ಉಂಟು. ಪೇಟೆಯ ಸಂಸಾರವಂತರಿಗೆ ಇವುಗಳ ಪರಿಚಯವಾಗುವುದು ಮನೆ ಬದಲಿಸುವ ದಿನ ಮಾತ್ರ. ಆ ದಿನ ಬೀರು ಮಂಚಗಳ ಮೇಲಿರುವ ಕಾಳಜಿಯಲ್ಲಿ ಹತ್ತರಲ್ಲೊಂದು ಪಾಲೂ ಅವುಗಳನ್ನು ಹೊತ್ತ ಬಂಡಿಯ ಮೇಲೆ ಇರುವುದಿಲ್ಲ. ಅದು ಸಹಜವೇ.

ಆದರೆ ಆ ಬಂಡಿಯ ಹಿಂದೆಯೂ ಒಂದು ಸಂಸಾರವಿದೆ. ಈ ಕರಾವಳಿಯಲ್ಲಿ ಪಿಕಪ್ಪಿನ ಒಡೆಯನೂ ಚಾಲಕನೂ ಹೆಚ್ಚಾಗಿ ಒಬ್ಬನೇ. ಹೆಂಡತಿಯ ಬಳೆಯನ್ನೋ ಮನೆಯ ಕಾಗದವನ್ನೋ ಅಡವಿಟ್ಟು ಮುಂಗಡ ಕಟ್ಟಿ, ಉಳಿದುದಕ್ಕೆ ಬ್ಯಾಂಕಿನ ಸಾಲ ಮಾಡಿ, ನಾಲ್ಕೈದು ವರ್ಷಗಳ ಕಂತಿಗೆ ರುಜು ಹಾಕಿ ಅವನು ಬಂಡಿಯನ್ನು ಮನೆಗೆ ತರುತ್ತಾನೆ. ಅಂದಿನಿಂದ ಇಬ್ಬರು ಅದನ್ನು ತಿನ್ನತೊಡಗುತ್ತಾರೆ. ಒಬ್ಬ ಸಾಲಗಾರ, ಅವನು ತಿಂಗಳಿಗೊಮ್ಮೆ ದಿನಾಂಕ ತಪ್ಪದೆ ಬರುತ್ತಾನೆ. ಇನ್ನೊಬ್ಬ ತುಕ್ಕು, ಅದಕ್ಕೆ ದಿನಾಂಕವಿಲ್ಲ, ನೋಟೀಸಿಲ್ಲ. ಸಾಲ ತೀರುವ ಮೊದಲು ಬಂಡಿ ತೀರಿಹೋದರೆ ಇಲ್ಲದ ಬಂಡಿಗೆ ಕಂತು ಕಟ್ಟುವ ದುರವಸ್ಥೆ. ಬಯಲುಸೀಮೆಯಲ್ಲಿ ಪಿಕಪ್ಪಿನ ಆಯುಸ್ಸನ್ನು ಓಡಿದ ಕಿಲೋಮೀಟರುಗಳಿಂದ ಅಳೆದರೆ ನಡೆದೀತು. ಕಡಲ ತಡಿಯಲ್ಲಿ ಆ ಅಳತೆಗೋಲು ಸಾಲದು. ಇಲ್ಲಿ ಎಂಜಿನ್ನು ಗಟ್ಟಿಯಾಗಿ ಗುಡುಗುತ್ತಿರುವಾಗಲೇ ನೆಲಹಲಗೆ ಉದುರುತ್ತದೆ, ಚಾಸಿಯ ಸಂದಿ ಸೀಳುತ್ತದೆ.

ಇದರ ಗುಟ್ಟನ್ನು ತಿಳಿಯಲು ಅಡುಗೆಮನೆಗೆ ಹೋದರೆ ಸಾಕು. ಆಸಾಡಿಯ ಮಳೆಗಾಲದಲ್ಲಿ ಉಪ್ಪಿನ ಭರಣಿ ತಾನೇ ನೀರೊಡೆಯುವುದನ್ನು ಕರಾವಳಿಯ ಗೃಹಿಣಿಯರೆಲ್ಲರೂ ಬಲ್ಲರು. ಗಾಳಿಯ ತೇವ ನೂರಕ್ಕೆ ಎಪ್ಪತ್ತೈದರ ಗಡಿಯನ್ನು ದಾಟಿತೆಂದರೆ ಉಪ್ಪು ಆ ತೇವವನ್ನು ಹೀರಿ ಕರಗಿಬಿಡುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ನೀರೂ ಗಾಳಿಯೂ ಬೇಕು. ಉಪ್ಪು ಕರಗಿದ ನೀರಾದರೆ ಆ ಕೆಲಸ ಎಷ್ಟೋ ಪಾಲು ಚುರುಕು. ಭರಣಿಯಲ್ಲಿ ನಡೆಯುವ ಕೆಲಸವೇ ಪಿಕಪ್ಪಿನ ಅಡಿಯಲ್ಲಿಯೂ ನಡೆಯುತ್ತದೆ. ವ್ಯತ್ಯಾಸವೆಂದರೆ ಭರಣಿಯ ಮುಚ್ಚಳವನ್ನು ದಿನಕ್ಕೆರಡು ಬಾರಿ ತೆಗೆದು ನೋಡುತ್ತಾರೆ, ಬಂಡಿಯ ಅಡಿಯನ್ನು ಬಗ್ಗಿ ನೋಡುವವರಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ನಾಡಿದು. ಮಳೆಯಿಲ್ಲದ ದಿನಗಳಲ್ಲಿ ಕಡಲ ಗಾಳಿ ಉಪ್ಪನ್ನು ತಂದು ಸವರುತ್ತದೆ. ಮಳೆ ಬಂದಾಗ ಆ ಉಪ್ಪು ಸಂದಿಗಳೊಳಗೆ ಇಳಿಯುತ್ತದೆ. ಮಳೆ ಬಂಡಿಯನ್ನು ತೊಳೆಯುತ್ತದೆಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಅದು ತೊಳೆಯುವುದು ನೆತ್ತಿಯನ್ನು ಮಾತ್ರ.

ಕುಂದಾಪುರದ ಗ್ಯಾರೇಜುಗಳಲ್ಲಿ ಹಳೆಯ ಬಂಡಿ ಕೊಳ್ಳಲು ಬಂದವನಿಗೆ ಹೇಳುವ ಒಂದು ಮಾತುಂಟು: ‘ಮೇಲ್ ಎಂತ ಕಾಂಬುದ್ ಮಾರಾಯ್ರೆ, ಅಡಿ ಕಾಣಿ!’ ಈ ಒಂದು ಮಾತಿನಲ್ಲಿ ಕರಾವಳಿಯ ವಾಹನಶಾಸ್ತ್ರದ ಮುಕ್ಕಾಲು ಪಾಲು ಅಡಗಿದೆ. ಆದರೆ ಒಡೆಯರ ಪ್ರೀತಿಯೆಲ್ಲ ಮೇಲ್ಭಾಗದ ಮೇಲೆಯೇ. ಮುಂಗಾಜಿನ ನೆತ್ತಿಯಲ್ಲಿ ಕೊಲ್ಲೂರು ಮೂಕಾಂಬಿಕೆಯ ಹೆಸರು, ಹಿಂಬಾಗಿಲಿನಲ್ಲಿ ಮಕ್ಕಳ ಹೆಸರು, ಬದಿಗೆ ಹುಲಿಯ ಚಿತ್ರ, ರಾತ್ರಿ ಮಿನುಗುವ ಬಣ್ಣದ ದೀಪಗಳು. ಮಹಾನವಮಿಯ ಆಯುಧಪೂಜೆಯ ದಿನ ಬಂಡಿಗೆ ಅಭ್ಯಂಗವಾಗುತ್ತದೆ, ಗೊಂಡೆಹೂವಿನ ಮಾಲೆ ಬೀಳುತ್ತದೆ, ಚಕ್ರದಡಿಯಲ್ಲಿ ಲಿಂಬೆಹಣ್ಣು ಚಪ್ಪಟೆಯಾಗುತ್ತದೆ. ಆ ಲಿಂಬೆಹಣ್ಣನ್ನು ಇಡಲು ಬಗ್ಗಿದವನು ಇನ್ನು ಎರಡು ಗೇಣು ಬಗ್ಗಿ ಮೇಲಕ್ಕೆ ಕಣ್ಣು ಹಾಯಿಸಿದ್ದರೆ ವರ್ಷದ ಸಾವಿರಾರು ರೂಪಾಯಿ ಉಳಿಯುತ್ತಿತ್ತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ತೊಳೆಯಬೇಕು, ಅಡಿಯನ್ನು ತೊಳೆಯಬೇಕು. ಮೀನು ಸಾಗಿಸುವ ಬಂಡಿಯಾದರೆ ಪ್ರತಿದಿನ, ಇತರ ಬಂಡಿಯಾದರೆ ವಾರಕ್ಕೊಮ್ಮೆ. ಚಕ್ರದ ಮೇಲಿನ ಕಮಾನು, ಸ್ಪ್ರಿಂಗ್ ಪ್ಲೇಟುಗಳ ನಡುವಣ ಸಂದು, ಕ್ಯಾಬಿನ್ನೂ ಹಿಂದಿನ ತೊಟ್ಟಿಯೂ ಕೂಡುವ ಎಡೆ, ಡೀಸೆಲ್ ಟ್ಯಾಂಕಿನ ಪಟ್ಟಿಯ ಹಿಂಭಾಗ — ಕೆಸರು ಕೂಡಿ ತೇವ ನಿಲ್ಲುವ ತಾಣಗಳಿವು. ಚಾಸಿಯಲ್ಲಿಯೂ ಬಾಗಿಲುಗಳ ಕೆಳಗೂ ನೀರು ಹರಿದುಹೋಗಲೆಂದು ಕಾರ್ಖಾನೆಯವರು ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಅವು ಮಣ್ಣಿನಿಂದ ಮುಚ್ಚಿಹೋದರೆ ಪೊಳ್ಳು ಉಕ್ಕಿನೊಳಗೆ ನೀರು ಕೆರೆಯಂತೆ ನಿಲ್ಲುತ್ತದೆ; ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಕೊಳೆತು ಬರುತ್ತದೆ. ಒಂದು ತಂತಿಯ ತುಂಡಿನಿಂದ ಆ ತೂತುಗಳನ್ನು ಬಿಡಿಸಲು ಐದು ನಿಮಿಷ ಬೇಡ. ವಾಟರ್ ಸರ್ವಿಸಿನ ನೀರಿನ ಕೋವಿಯನ್ನು ಮಾತ್ರ ಚಕ್ರದ ಬೇರಿಂಗಿಗೂ ವಿದ್ಯುತ್ತಿನ ಜೋಡಣೆಗಳಿಗೂ ತೀರ ಹತ್ತಿರದಿಂದ ಗುರಿಯಿಡಬಾರದು. ಉಪ್ಪನ್ನು ತೆಗೆಯಲು ಹೋಗಿ ಗ್ರೀಸನ್ನೇ ತೆಗೆದಂತಾದೀತು.

ತೊಳೆಯುವುದು ಯಾವ ನೀರಿನಿಂದ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲನ್ನು ಸೇರುತ್ತವೆ. ನೋಡಲು ಹೊಳೆ, ಆದರೆ ಭರತದ ಹೊತ್ತಿಗೆ ಕಡಲ ನೀರು ಒಳನುಗ್ಗಿ ಬಹುದೂರ ಉಪ್ಪಾಗಿರುತ್ತದೆ. ಬೇಸಗೆಯಲ್ಲಂತೂ ಹೇಳುವುದೇ ಬೇಡ. ಬ್ರಹ್ಮಾವರದ ಕಡೆಯ ಸೀತಾ, ಸ್ವರ್ಣಾ ನದಿಗಳ ಅಳಿವೆಯ ಪಾಡೂ ಇದೇ. ಕೆಲಸ ಮುಗಿಸಿ ಬಂಡಿಯನ್ನು ಹೊಳೆಯ ಅಂಚಿಗೆ ಇಳಿಸಿ, ಬಕೆಟ್ಟಿನಲ್ಲಿ ನೀರೆತ್ತಿ ಭಕ್ತಿಯಿಂದ ಮೀಯಿಸುವವನು ಉಪ್ಪನ್ನು ಉಪ್ಪಿನಿಂದಲೇ ತೊಳೆಯುತ್ತಿದ್ದಾನೆ. ಹೊಳೆಗೆ ಎಣ್ಣೆಜಿಡ್ಡು ಸೇರುವುದು ಬೇರೆ. ಕುಡಿದರೆ ಸಿಹಿಯಾಗಿರುವ ಬಾವಿಯ ನೀರೇ ಬಂಡಿಗೂ ಆಗಬೇಕು. ಕಡಲಂಚಿನ ಕೆಲವು ಬಾವಿಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಸಪ್ಪೆಯುಪ್ಪಾಗುತ್ತವೆ; ಆಗ ತುಸು ಒಳನಾಡಿಗೆ ಹೋದಾಗ ತೊಳೆಸಿಕೊಂಡು ಬರುವುದೇ ಲೇಸು.

ಮೀನಿನ ಬಂಡಿಯ ಸಂಕಟವೇ ಬೇರೆ. ಮಂಜುಗಡ್ಡೆ ಕರಗಿ, ಮೀನಿನ ರಕ್ತವೂ ಕಡಲ ಉಪ್ಪೂ ಬೆರೆತು ಇಳಿಯುವ ಆ ನೀರಿನಷ್ಟು ಉಕ್ಕಿನ ವೈರಿ ಇನ್ನೊಂದಿಲ್ಲ. ತೊಟ್ಟಿಯ ತಗಡಿನ ಮೇಲೆ ರಬ್ಬರಿನ ಚಾಪೆ ಹಾಸಿ ನಿಶ್ಚಿಂತರಾಗುವವರು ಬಹಳ. ಚಾಪೆಯ ಅಡಿಗೆ ಒಮ್ಮೆ ಇಳಿದ ನೀರು ಮತ್ತೆ ಏಳುವುದಿಲ್ಲ. ವಾರಕ್ಕೊಮ್ಮೆಯಾದರೂ ಚಾಪೆಯನ್ನು ಎತ್ತಿ ಬಿಸಿಲಿಗೆ ಹಾಕಬೇಕು. ಅದಕ್ಕಿಂತ ಉತ್ತಮ ಉಪಾಯವೆಂದರೆ ತೊಟ್ಟಿಯನ್ನು ಹಿಂದಕ್ಕೆ ತುಸು ಇಳಿಜಾರಾಗಿಸಿ, ಮೂಲೆಯಲ್ಲಿ ಕೊಳವೆ ಇಳಿಸಿ, ನೀರನ್ನು ಒಂದು ಮುಚ್ಚಿದ ಡಬ್ಬಿಯಲ್ಲಿ ಹಿಡಿಯುವುದು. ಇದರಲ್ಲಿ ಬಂಡಿಯ ಹಿತವಷ್ಟೇ ಅಲ್ಲ, ಹಿಂದೆ ಬರುವವರ ಪ್ರಾಣವೂ ಇದೆ. ತಿರುವಿನಲ್ಲಿ ಸುರಿದ ಮೀನುನೀರಿನ ಮೇಲೆ ಬೈಕು ಜಾರಿದರೆ ಬೀಳುವವನು ಯಾರೋ ಒಬ್ಬರ ಮಗ. ಮುಂದೆ ಹೋದ ಬಂಡಿಯವನಿಗೆ ಆ ಸುದ್ದಿ ತಲಪುವುದೇ ಇಲ್ಲ.

ತುಕ್ಕಿಗೆ ಮದ್ದೆಂದು ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲನ್ನು ಬಂಡಿಯ ಅಡಿಗೆ ಎರಚುವ ಪದ್ಧತಿ ಇನ್ನೂ ಉಳಿದಿದೆ. ಹಿಂದೆ ಮರದ ದೋಣಿಗಳಿಗೆ ಮೀನೆಣ್ಣೆಯನ್ನೂ ಗೇರೆಣ್ಣೆಯನ್ನೂ ಬಳಿಯುತ್ತಿದ್ದ ನಾಡಿನಲ್ಲಿ ಈ ಯೋಚನೆ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ದೋಣಿಗೆ ಬ್ರೇಕಿನ ರಬ್ಬರ್ ಕೊಳವೆಯಿಲ್ಲ, ಸ್ಪ್ರಿಂಗಿನ ಬುಷ್ಷುಗಳಿಲ್ಲ. ಸುಟ್ಟ ಆಯಿಲು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬ್ರೇಕಿನ ಲೈನಿಂಗಿಗೆ ತಗಲಿದರೆ ಬ್ರೇಕೇ ಹಿಡಿಯದು. ಧೂಳನ್ನು ಹಿಡಿದು ಒಂದು ಕಂಬಳಿಯಂತಾಗಿ ತೇವವನ್ನು ಅಡಗಿಸಿಡುತ್ತದೆ. ಮೊದಲ ಮಳೆಗೆ ಕರಗಿ ಅಂಗಳದ ಬಾವಿಗೆ ಇಳಿಯುತ್ತದೆ. ಸರಿಯಾದ ಕ್ರಮ ಬೇರೆ: ತುಕ್ಕನ್ನು ತಂತಿಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ತುಕ್ಕುನಿರೋಧಕ ಪ್ರೈಮರು ಹಚ್ಚಿ, ಅದರ ಮೇಲೆ ಅಡಿಲೇಪ ಕೊಡಬೇಕು. ತುಕ್ಕಿನ ಮೇಲೆಯೇ ದಪ್ಪನೆಯ ಕಪ್ಪು ಲೇಪವನ್ನು ಮೆತ್ತಿಸುವುದು ಹಳೆಯ ಬಂಡಿಯನ್ನು ಮಾರುವವರ ಚಮತ್ಕಾರ. ಇಟ್ಟುಕೊಳ್ಳುವವನು ಅದನ್ನು ಮಾಡಿಸಬಾರದು.

ಇಲ್ಲಿಯೇ ಒಂದು ತೊಡಕು. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಪಿಕಪ್ಪಿಗೆ ಬಿಡುವು ಸಿಗುವುದು ಆಗ. ಬಿಡುವು ಸಿಕ್ಕಿತೆಂದು ಬಣ್ಣಕ್ಕೆ ಕೊಟ್ಟರೆ ಹೊರಗೆ ಜಡಿಮಳೆ. ಬಳಿದ ಬಣ್ಣ ಒಣಗುವುದಿಲ್ಲ, ಅಡಿಯಲ್ಲಿ ತೇವ ಸಿಕ್ಕಿಕೊಂಡು ಮರುವರ್ಷ ಗುಳ್ಳೆಯೇಳುತ್ತದೆ. ಒಣಹವೆ ಇರುವ ದಿನಗಳಲ್ಲಿ ಬಂಡಿಗೆ ಬಿಡುವಿಲ್ಲ, ಬಿಡುವಿರುವ ದಿನಗಳಲ್ಲಿ ಒಣಹವೆಯಿಲ್ಲ! ಅನುಭವಿಗಳು ಇದಕ್ಕೊಂದು ಹಂಚಿಕೆ ಮಾಡಿಕೊಂಡಿದ್ದಾರೆ. ಕ್ಲಚ್ಚು, ಬ್ರೇಕು, ಸ್ಪ್ರಿಂಗು, ಬೇರಿಂಗುಗಳ ಕೆಲಸ ಸೂರಿನಡಿಯಲ್ಲಿ ನಡೆಯುವಂಥದು, ಅದು ಮಳೆಗಾಲಕ್ಕೆ. ಬೆಸುಗೆ, ಬಣ್ಣ, ಅಡಿಲೇಪಗಳು ಮೇ ತಿಂಗಳ ಮೂರು ನಾಲ್ಕು ದಿನಗಳಿಗೆ, ಇಲ್ಲವೆ ದೀಪಾವಳಿಯ ಅನಂತರಕ್ಕೆ. ಆ ಮೂರು ದಿನದ ಬಾಡಿಗೆ ಹೋಯಿತೆಂದು ಕೊರಗುವವನು ತಗಡು ಬದಲಿಸುವ ವೆಚ್ಚವನ್ನು ಒಮ್ಮೆ ವಿಚಾರಿಸಿ ನೋಡಲಿ. ಬೆಸುಗೆ ಹಾಕಿಸುವಾಗ ಬ್ಯಾಟರಿಯ ತಂತಿಗಳನ್ನು ಬಿಚ್ಚಿಡಲು ಮರೆಯಬಾರದು. ಈಗಿನ ಬಂಡಿಗಳಲ್ಲಿ ಎಂಜಿನ್ನನ್ನು ಆಳುವುದು ಒಂದು ವಿದ್ಯುನ್ಮಾನ ಪೆಟ್ಟಿಗೆ, ಬೆಸುಗೆಯ ವಿದ್ಯುತ್ತು ಅದಕ್ಕೆ ಹರಿದರೆ ಮುಗಿಯಿತು.

ಇನ್ನು ಹೊರೆಯ ಮಾತು. ‘ಇನ್ನೊಂದು ಪ್ಲೇಟು ಹಾಕಿಸಿದರಾಯಿತು’ ಎಂಬುದು ಪಿಕಪ್ಪಿನ ಲೋಕದ ಸರ್ವರೋಗನಿವಾರಕ ಮಂತ್ರ. ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಹೆಚ್ಚು ಜೋಡಿಸಿದರೆ ಹೊರೆ ಹೇರಿದಾಗ ಬಂಡಿ ಕುಸಿಯುವುದಿಲ್ಲ. ಕುಸಿಯದಿದ್ದರೆ ಹೊರೆ ಹೆಚ್ಚಾಗಿಲ್ಲವೆಂದು ಚಾಲಕನ ನಂಬಿಕೆ. ಆದರೆ ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳಿನ ಜೋಡಣೆಯಿರುತ್ತದೆ. ಹೊರೆ ಬಿದ್ದು ಚಾಸಿ ಕೆಳಗಿಳಿದಂತೆ ಅದು ಹಿಂದಿನ ಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡವನ್ನು ಬಿಡುತ್ತದೆ. ಬಂಡಿ ಖಾಲಿಯಿದ್ದಾಗ ಚಕ್ರ ಜಾರಬಾರದೆಂದು ಒತ್ತಡವನ್ನು ತಗ್ಗಿಸುತ್ತದೆ. ಪ್ಲೇಟು ಹೆಚ್ಚಿಸಿ ಬಂಡಿಯನ್ನು ಎತ್ತರಕ್ಕೆ ನಿಲ್ಲಿಸಿದವನು ಈ ಪಾಪದ ಯಂತ್ರವನ್ನು ಮೋಸಗೊಳಿಸಿದ್ದಾನೆ. ಬೆನ್ನ ಮೇಲೆ ಎರಡು ಟನ್ ಇದ್ದರೂ ಅದು ಬಂಡಿ ಖಾಲಿಯೆಂದೇ ತಿಳಿದು ಹಿಂದಿನ ಬ್ರೇಕನ್ನು ಸಡಿಲವಾಗಿಯೇ ಇಡುತ್ತದೆ. ಎಂದರೆ ಹೊರೆ ಹೆಚ್ಚಿದ ದಿನವೇ ಬ್ರೇಕು ಕಡಿಮೆ! ಅದೇ ಸರಳು ಉಪ್ಪಿಗೆ ಸಿಕ್ಕಿ ತುಕ್ಕು ಹಿಡಿದು ಬಿಗಿದುಕೊಂಡರೂ ಫಲ ಒಂದೇ. ಸರ್ವಿಸಿಗೆ ಬಿಟ್ಟಾಗ ಅದನ್ನು ಕೈಯಿಂದ ಅಲ್ಲಾಡಿಸಿ ನೋಡಿರೆಂದು ಹೇಳುವ ಒಡೆಯರು ನೂರಕ್ಕೆ ಒಬ್ಬರಿದ್ದರೆ ಹೆಚ್ಚು.

ಕೆಂಪುಕಲ್ಲಿನ ವಿಷಯದಲ್ಲಿ ಇನ್ನೊಂದು ಸಣ್ಣ ಎಚ್ಚರಿಕೆ. ಅದು ಜೇನುಗೂಡಿನಂತೆ ತೂತು ತೂತಾದ ಕಲ್ಲು. ಮಳೆಯಲ್ಲಿ ನೆನೆದರೆ ನೀರು ಕುಡಿದು ಭಾರವಾಗುತ್ತದೆ. ಬೇಸಗೆಯಲ್ಲಿ ಹೇರಿದಷ್ಟೇ ಕಲ್ಲನ್ನು ಎಣಿಸಿ ಹೇರಿದರೂ ಮಳೆಗಾಲದಲ್ಲಿ ತೂಕ ಏರಿರುತ್ತದೆ. ಏಸ್‌ನಂತಹ ಬಂಡಿಗೆ ಕಾರ್ಖಾನೆಯವರು ಹೇಳಿದ ಹೊರೆ ಸುಮಾರು 750 ಕಿಲೋ ಮಾತ್ರ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯಲ್ಲಿ ಹೆಚ್ಚು ಹೊರೆಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೂ 2,000. ಒಂದು ಬಾರಿ ಸಿಕ್ಕಿಬಿದ್ದರೆ ಎಷ್ಟು ಬಾಡಿಗೆಗಳ ಲಾಭ ಹೋಯಿತೆಂಬುದನ್ನು ಮನೆಯ ಲೆಕ್ಕದ ಪುಸ್ತಕವೇ ಹೇಳೀತು.

ಇಷ್ಟೆಲ್ಲ ಹೇಳಬೇಕಾದುದು ಘಾಟಿಗಳ ದೆಸೆಯಿಂದ. ಕರಾವಳಿಯ ಪಿಕಪ್ಪು ಸಮತಟ್ಟಿನಲ್ಲೇ ಇದ್ದುಬಿಟ್ಟರೆ ಅರ್ಧ ಚಿಂತೆಯಿಲ್ಲ. ಆದರೆ ಮೀನು ಘಟ್ಟವನ್ನು ಏರಬೇಕು, ತರಕಾರಿ ಘಟ್ಟವನ್ನು ಇಳಿಯಬೇಕು. ಸಿದ್ದಾಪುರ, ಹೊಸಂಗಡಿಗಳನ್ನು ದಾಟಿ ಬಾಳೆಬರೆಯನ್ನು ಏರಿದರೆ ಮಾಸ್ತಿಕಟ್ಟೆ, ಮುಂದೆ ತೀರ್ಥಹಳ್ಳಿ. ಬೈಂದೂರಿನವರಿಗೆ ಕೊಲ್ಲೂರಿನ ಮೇಲಿನ ನಾಗೋಡಿಯ ದಾರಿ. ಬ್ರಹ್ಮಾವರದವರಿಗೆ ಹೆಬ್ರಿಯಾಚೆ ಆಗುಂಬೆಯ ತಿರುವುಗಳು. ಏರುವಾಗ ಎಂಜಿನ್ನು ಏದುಸಿರು ಬಿಟ್ಟು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಇಳಿಯುವಾಗ ಬ್ರೇಕು ಬಾಯಿ ಬಿಡುವುದಿಲ್ಲ.

ಬ್ರೇಕ್ ಆಯಿಲಿಗೆ ಒಂದು ದುರ್ಗುಣವುಂಟು: ಗಾಳಿಯ ತೇವವನ್ನು ಅದು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಹೊಸ ಆಯಿಲು ಇನ್ನೂರು ಡಿಗ್ರಿಗೂ ಮೇಲೆ ಕಾದರೂ ಕುದಿಯದು. ನೀರು ಸೇರಿದ ಹಳೆಯ ಆಯಿಲು ಬಹಳ ಬೇಗ ಕುದಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಕಾಲು ತೆಗೆಯದೆ ಬ್ರೇಕನ್ನು ಒತ್ತುತ್ತ ಬಂದಾಗ ಚಕ್ರದಲ್ಲಿ ಹುಟ್ಟಿದ ಕಾವು ಅದನ್ನು ಕುದಿಸಿ ಆವಿಯ ಗುಳ್ಳೆಗಳನ್ನು ಎಬ್ಬಿಸುತ್ತದೆ. ದ್ರವ ಒತ್ತಡವನ್ನು ಮುಂದಕ್ಕೆ ಸಾಗಿಸುತ್ತದೆ, ಆವಿ ಕುಗ್ಗುತ್ತದಷ್ಟೆ. ಆ ಗಳಿಗೆಯಲ್ಲಿ ಪೆಡಲು ಒದ್ದೆ ಅರಿವೆಯ ಗಂಟಿನಂತೆ ಮೆತ್ತಗೆ ಕೆಳಗಿಳಿದುಬಿಡುತ್ತದೆ. ಮುಂದೆ ತಿರುವು, ಪಕ್ಕದಲ್ಲಿ ಕಣಿವೆ. ಇಂತಹ ತೇವದ ನಾಡಿನಲ್ಲಿ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಘಾಟಿಯ ಬಂಡಿಯಾದರೆ ವರ್ಷಕ್ಕೊಮ್ಮೆಯೇ, ಪೂರ್ತಿಯಾಗಿ ಬದಲಿಸುವುದು ಉಚಿತ. ಅದರ ಬೆಲೆ ಒಂದು ಸಾಧಾರಣ ಬಾಡಿಗೆಗಿಂತ ಕಡಿಮೆ. ‘ಕಡಿಮೆಯಾದುದನ್ನು ತುಂಬಿಸಿದ್ದೇನೆ’ ಎಂಬ ಮಾತು ಸಾಲದು. ಕಡಿಮೆಯಾದದ್ದು ಎಲ್ಲಿಗೆ ಹೋಯಿತೆಂದೂ ಕೇಳಬೇಕು.

ಇಳಿಯುವ ವಿದ್ಯೆಯನ್ನು ಹಳಬರು ಒಂದೇ ಸೂತ್ರದಲ್ಲಿ ಹೇಳುತ್ತಿದ್ದರು: ಯಾವ ಗೇರಿನಲ್ಲಿ ಹತ್ತಿದೆಯೋ ಆ ಗೇರಿನಲ್ಲಿಯೇ ಇಳಿ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಬಂಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕು ತಿರುವುಗಳಿಗೆ ಮಾತ್ರ ಬೇಕಾಗುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ಲಿಗೆ ತಂದು, ಇನ್ನೂ ಧೈರ್ಯವಿದ್ದರೆ ಎಂಜಿನ್ನನ್ನೇ ಆರಿಸಿ, ತೇಲುತ್ತ ಇಳಿಯುವ ಶೂರರಿದ್ದಾರೆ. ಎಂಜಿನ್ನು ನಿಂತರೆ ಬ್ರೇಕಿಗೆ ಬಲ ಕೊಡುವ ನಿರ್ವಾತವೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಉಳಿದ ಬಲ ಮುಗಿದು ಪೆಡಲು ಕಲ್ಲಾಗುತ್ತದೆ. ನೂರು ಮಿಲಿಲೀಟರ್ ಡೀಸೆಲಿನ ಉಳಿತಾಯಕ್ಕೆ ಇಷ್ಟು ದೊಡ್ಡ ಪಣವನ್ನು ಒಡ್ಡುವವನನ್ನು ಜಿಪುಣನೆನ್ನಬೇಕೋ ದುಂದುಗಾರನೆನ್ನಬೇಕೋ ತಿಳಿಯದು.

ಮಳೆಗಾಲದ ಉಳಿದ ಮಾತುಗಳು ಚಿಕ್ಕವು. ಟಯರಿನ ಗೆರೆ 1.6 ಮಿಲಿಮೀಟರಿಗಿಂತ ತೇಯಬಾರದೆಂಬುದು ನಿಯಮ. ಈ ಮಳೆಗೆ ಅದೂ ಸಾಲದು. ಡೀಸೆಲ್ ಫಿಲ್ಟರಿನ ತಳದಲ್ಲಿ ಕೂಡುವ ನೀರನ್ನು ಆಗಾಗ ಹೊರಬಿಡಬೇಕು. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಡೀಸೆಲ್ ಬಂಡಿಗಳು ಅನೇಕವುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವಿದೆ. ಬಂದರಿನಿಂದ ಪೇಟೆಗೆ, ಪೇಟೆಯಿಂದ ಬಂದರಿಗೆ ಗಿಡ್ಡ ಓಟವನ್ನೇ ಓಡುವ ಬಂಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಎಚ್ಚರಿಕೆಯ ದೀಪ ಹೊತ್ತಿದಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ತಾನೇ ಸುಟ್ಟುಹೋಗುವುದು. ದೀಪವನ್ನು ಕಡೆಗಣಿಸಿದರೆ ಹೋಗುವುದು ಒಡೆಯನ ದುಡ್ಡು. ಸೌಪರ್ಣಿಕೆ ಉಕ್ಕಿ ನಾವುಂದದ ಸಾಲ್ಬುಡದಂತಹ ತಗ್ಗುಗಳು ಮುಳುಗಿದಾಗ ನೀರಿನ ನಡುವೆ ಬಂಡಿ ನಿಂತುಹೋದರೆ ಮತ್ತೆ ಕೀಲಿ ತಿರುಗಿಸಲೇಬಾರದು. ಸಿಲಿಂಡರಿಗೆ ಇಳಿದ ನೀರು ಕುಗ್ಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಅಂತಹ ನಷ್ಟವನ್ನು ವಿಮೆಯವರು ಚಾಲಕನ ತಪ್ಪೆಂದು ತಳ್ಳಿಹಾಕುವ ಸಂಭವವೂ ಉಂಟು. ತಳ್ಳಿ ಹೊರಗೆ ತಂದು ಮೆಕ್ಯಾನಿಕನನ್ನು ಕರೆಸುವುದೇ ದಾರಿ.

ಪೇಟೆಯ ಓದುಗರಿಗೆ ನೇರವಾಗಿ ತಗಲುವ ಸಂಗತಿ ಇನ್ನೊಂದಿದೆ. ಮನೆ ಬದಲಿಸುವ ದಿನ ಸಾಮಾನಿನ ಸಂದಿಯಲ್ಲಿ ಮಕ್ಕಳನ್ನೂ ಅಜ್ಜಿಯನ್ನೂ ಕೂರಿಸಿ, ‘ಹತ್ತು ನಿಮಿಷದ ದಾರಿ ತಾನೆ’ ಎನ್ನುವುದು. ಮದುವೆಗೋ ಜಾತ್ರೆಗೋ ಇಪ್ಪತ್ತು ಜನ ತೊಟ್ಟಿಯಲ್ಲಿ ನಿಂತು ಹೋಗುವುದು ಎಲ್ಲರೂ ಕಂಡ ನೋಟ. ಸರಕಿನ ಬಂಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ವಿಮಾ ಕಂಪೆನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ತೀರ್ಪಿತ್ತಿದೆ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿದ್ದು ಸರಕಿನ ಜೊತೆಗೆ ಬರುವ ಅದರ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ. ಅನಾಹುತವಾದರೆ ಗಾಯಗೊಂಡವರ ಪರಿಹಾರವೆಲ್ಲ ಬಂಡಿಯ ಒಡೆಯನ ತಲೆಯ ಮೇಲೆ ಬರುತ್ತದೆ; ಅವನ ಬಳಿ ಇರುವುದು ಅಡವಿಟ್ಟ ಮನೆ, ಸಾಲದ ಬಂಡಿ. ಹೀಗೆ ಎರಡು ಸಂಸಾರಗಳು ಒಟ್ಟಿಗೆ ಮುಳುಗುತ್ತವೆ. ‘ಬೇಡ ಅಮ್ಮ, ಹಿಂದೆ ಕೂರುವುದು ಬೇಡ, ಮಕ್ಕಳನ್ನು ರಿಕ್ಷಾದಲ್ಲಿ ಕರೆದುಕೊಂಡು ಬನ್ನಿ’ ಎಂದು ಚಾಲಕ ಹೇಳಿದರೆ ಅದನ್ನು ಗರ್ವವೆಂದು ಎಣಿಸಬಾರದು.

ಚಾಲನೆಯ ಪರವಾನಗಿಯ ಬಗೆಗೆ ಬಹುಕಾಲ ಇದ್ದ ಗೊಂದಲ ಈಗ ಬಗೆಹರಿದಿದೆ. ಲಘು ವಾಹನದ ಪರವಾನಗಿಯುಳ್ಳವನು ಒಟ್ಟು ತೂಕ 7,500 ಕಿಲೋ ಮೀರದ ಸರಕಿನ ಬಂಡಿಯನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು. ಆದರೆ ಎಫ್.ಸಿ. ತಪ್ಪಿಸುವಂತಿಲ್ಲ: ಹೊಸ ಬಂಡಿಗೆ ಮೊದಲ ಎರಡು ವರ್ಷ, ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ.

ಕಂತಿನ ಲೆಕ್ಕವನ್ನು ಜಾಣ ಮನೆಗಳಲ್ಲಿ ಹೆಂಗಸರು ಇಟ್ಟಿರುತ್ತಾರೆ. ಮೀನಿನ ಬಂಡಿಗೆ ವರ್ಷದಲ್ಲಿ ಹತ್ತೇ ತಿಂಗಳ ದುಡಿಮೆ, ಬ್ಯಾಂಕಿಗೆ ಮಾತ್ರ ಹನ್ನೆರಡು ಕಂತು. ಆಗಸ್ಟಿನಿಂದ ಮೇ ತನಕ ಪ್ರತಿ ತಿಂಗಳೂ ಕಂತಿನ ಐದರಲ್ಲೊಂದು ಪಾಲನ್ನು ಬೇರೆ ತೆಗೆದಿಟ್ಟರೆ ಜೂನ್ ಜುಲೈಗಳ ಎರಡು ಕಂತು ಸರಿಹೋಗುತ್ತವೆ. ಇದು ಬೆರಳೆಣಿಕೆಯ ಗಣಿತ. ಅದರ ಪಕ್ಕದಲ್ಲಿ ಇನ್ನೊಂದು ಡಬ್ಬಿ ಬೇಕು, ಟಯರಿಗೂ ವಿಮೆಗೂ ಎಫ್.ಸಿ.ಗೂ. ಬಾಡಿಗೆಯ ಹಣ ಕೈಗೆ ಬಂದ ದಿನ ಅದೆಲ್ಲವೂ ಲಾಭದಂತೆ ಕಾಣುವುದೇ ಈ ಉದ್ಯೋಗದ ಮಾಯೆ. ಕಿಲೋಮೀಟರಿಗೆ ಡೀಸೆಲ್ ಎಷ್ಟು ಹೋಯಿತೆಂದು ಎಲ್ಲರೂ ಎಣಿಸುತ್ತಾರೆ, ಟಯರು ಎಷ್ಟು ಸವೆಯಿತೆಂದು ಯಾರೂ ಎಣಿಸುವುದಿಲ್ಲ.

ಕೊನೆಗೊಂದು ದಿನ ಸಾಲ ತೀರುತ್ತದೆ. ಬಂಡಿಯೂ ಗಟ್ಟಿಯಾಗಿ ಉಳಿದಿರುತ್ತದೆ ಎಂದುಕೊಳ್ಳೋಣ. ಬ್ಯಾಂಕಿನಿಂದ ಋಣಮುಕ್ತಿಯ ಪತ್ರವನ್ನೂ 35ನೆಯ ಫಾರಮನ್ನೂ ಪಡೆದು ಆರ್.ಸಿ.ಯಲ್ಲಿರುವ ಸಾಲದ ನಮೂದನ್ನು ತೆಗೆಸಬೇಕು. ಇದನ್ನು ಮಾಡಿಸದೆ ವರ್ಷಗಟ್ಟಲೆ ಬಿಟ್ಟು, ಮಾರುವ ಹೊತ್ತಿಗೆ ಬ್ಯಾಂಕಿನ ಮೆಟ್ಟಿಲು ಹತ್ತಿಳಿಯುವವರು ಅನೇಕರು. ಕೊಳ್ಳುವವನು ಬರುತ್ತಾನೆ, ಸಣ್ಣ ಸುತ್ತಿಗೆ ಹಿಡಿದ ಒಬ್ಬ ಮೆಕ್ಯಾನಿಕನನ್ನೂ ಕರೆತರುತ್ತಾನೆ. ಆತ ಬಣ್ಣವನ್ನು ನೋಡುವುದಿಲ್ಲ. ಗೋಣಿ ಹಾಸಿ ಬಂಡಿಯಡಿಗೆ ನುಸುಳಿ ಚಾಸಿಯ ಉದ್ದಕ್ಕೂ ಟಣ್ ಟಣ್ ಎಂದು ಬಡಿಯುತ್ತಾನೆ. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ಕೊಳೆತದ್ದು ‘ದಬ್’ ಎನ್ನುತ್ತದೆ. ಆ ದನಿಯ ಮೇಲೆ ಹತ್ತಿಪ್ಪತ್ತು ಸಾವಿರದ ಹೆಚ್ಚುಕಡಿಮೆ ನಿರ್ಧಾರವಾಗುತ್ತದೆ.

ಹಣ ಎಣಿಸಿಕೊಂಡ ಸಂತೋಷದಲ್ಲಿ ಮಾರಿದವನು ಒಂದು ಕೆಲಸವನ್ನು ಮರೆಯುವುದುಂಟು. ಕೊಂಡವನು ಹೆಸರು ಬದಲಿಸಿಕೊಳ್ಳುತ್ತಾನೆಂದು ನಂಬಿ, ಖಾಲಿ ಫಾರಮಿಗೆ ರುಜು ಹಾಕಿ ಕೈತೊಳೆದುಕೊಳ್ಳುತ್ತಾನೆ. ಅಪಘಾತವಾದಾಗ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಂಡಿ ಎಷ್ಟು ಕೈ ಬದಲಾಗಿದ್ದರೂ ಸರಿಯೆ. ಆದುದರಿಂದ ರಾಜ್ಯದೊಳಗಿನ ಮಾರಾಟವಾದರೆ ಹದಿನಾಲ್ಕು ದಿನಗಳೊಳಗೆ 29ನೆಯ ಫಾರಮಿನಲ್ಲಿ ಮಾರಿದವನೇ ಸಾರಿಗೆ ಕಚೇರಿಗೆ ತಿಳಿಸಬೇಕು. ಅದರ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು, ಕೆಎ 20ರ ಆ ಸಂಖ್ಯೆಯ ಮುಂದೆ ಕೊಂಡವನ ಹೆಸರು ಬಂದಿದೆಯೇ ಎಂದು ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿಸಬೇಕು.